ಬ್ರಾಂದಿ ಅಲೆಕ್ಸಾಂಡರ್ ಕೊಡುವಾಗ ಅದರಲ್ಲಿ ಬ್ರಾಂದಿ ಇದೆ ಎಂದು ಹೇಳಿ

ಮಾನ್ಯ ಸಂಪಾದಕರೆ,

ತಮ್ಮ ಪತ್ರಿಕೆಯ ವರ್ಷಾಂತ್ಯದ ವಿಶೇಷ ಪುರವಣಿಯಲ್ಲಿ, ಮನೆಗೆ ಬಂದ ಅತಿಥಿಗಳಿಗೆ ರಾತ್ರಿಯೂಟದ ನಂತರ ಕೊಡಬಹುದಾದ ಪಾನೀಯಗಳ ಸಾಲಿನಲ್ಲಿ ‘ಬ್ರಾಂದಿ ಅಲೆಕ್ಸಾಂಡರ್’ ಎಂಬ ಕಾಕ್‌ಟೇಲ್ ತಯಾರಿಸುವ ವಿಧಾನ ಪ್ರಕಟವಾಗಿತ್ತು. ಬ್ರಾಂದಿ, ಚಾಕೊಲೇಟ್ ಸಾಸ್, ವೆನಿಲಾ ಐಸ್‌ಕ್ರೀಮ್ ಮತ್ತು ಹಾಲನ್ನು ಮಿಕ್ಸಿಗೆ ಹಾಕಿ ತಿರುಗಿಸಿ, ಜಗ್ಗಿಗೆ ತುಂಬಿಸಿಟ್ಟು, ಉದ್ದ ಲೋಟಗಳಲ್ಲಿ ಸ್ಟ್ರಾ ಹಾಕಿ ಹಂಚಬೇಕೆಂದು ಅದರಲ್ಲಿ ಬರೆದಿತ್ತು. ಬ್ರಾಂದಿ ಎಷ್ಟು ಎಂಬುದಕ್ಕೆ ‘ರುಚಿಗೆ ತಕ್ಕಷ್ಟು’ ಎಂದಷ್ಟೇ ಇತ್ತು. ಉಪ್ಪಿಗೆ ಹೇಳುವ ಮಾತನ್ನು ಬ್ರಾಂದಿಗೆ ಹೇಳಿದ್ದನ್ನು ಓದಿದ ಮೇಲೆ ಸುಮ್ಮನಿರಲು ನನ್ನಿಂದ ಆಗಲಿಲ್ಲ. ಮೊದಲು ಹಡಗಿನಲ್ಲಿ, ಆಮೇಲೆ ಲಂಡನ್ನಿನ ಹೋಟೆಲೊಂದರ ಬಾರಿನಲ್ಲಿ ಒಟ್ಟು 22 ವರ್ಷ ದುಡಿದು ಈಗ ಮಂಗಳೂರಿನಲ್ಲಿ ನೆಲೆಸಿರುವ ನಾನು ಈ ಪಾನೀಯವನ್ನು ಎಷ್ಟು ಸಲ ಮಾಡಿದ್ದೇನೆಂಬ ಲೆಕ್ಕವಿಲ್ಲ. ಅದನ್ನು ಸರಿಯಾಗಿ ಮಾಡುವುದು ಹೇಗೆ, ಸರಿಯಾಗಿ ಕೊಡುವುದು ಹೇಗೆ ಎಂಬುದನ್ನು ತಮ್ಮ ಓದುಗರ ಮುಂದಿಡಲು ಅವಕಾಶ ಕೊಡಬೇಕೆಂದು ಕೋರುತ್ತೇನೆ.

ಮೂಲದಲ್ಲಿ ಅಲೆಕ್ಸಾಂಡರ್ ಬ್ರಾಂದಿಯದಲ್ಲ, ಜಿನ್ನಿನದು. ನ್ಯೂಯಾರ್ಕಿನ ಬಾರ್‌ಟೆಂಡರ್ ಹ್ಯೂಗೋ ಎನ್ಸ್‌ಲಿನ್ 1916ರಲ್ಲಿ ಅಚ್ಚು ಹಾಕಿಸಿದ ಪಾನೀಯಗಳ ಪುಸ್ತಕದಲ್ಲಿ ಜಿನ್, ಕೋಕೋ ಬೀಜದ ಲಿಕ್ಯೂರ್ (ಅಂದರೆ ಸಿಹಿಮದ್ಯ) ಮತ್ತು ಕೆನೆ ಸಮಪಾಲಿನಲ್ಲಿ ಬರುತ್ತವೆ. ಅಲೆಕ್ಸಾಂಡರ್ ಯಾರು ಎಂಬುದಕ್ಕೆ ಬಾರುಗಳಲ್ಲಿ ಕತೆಗಳು ಹಲವು. ಅಮೆರಿಕದ ರೈಲು ಕಂಪನಿಯೊಂದು, ತನ್ನ ಗಾಡಿಗಳು ಮಸಿ ಕಾರದ ಕಲ್ಲಿದ್ದಲಿನಿಂದ ಓಡುತ್ತವೆಂದು ಸಾರಲು, ಫೀಬಿ ಸ್ನೋ ಎಂಬ ಬಿಳಿಯುಡುಗೆಯ ಹೆಣ್ಣೊಬ್ಬಳನ್ನು ಜಾಹೀರಾತಿಗಾಗಿ ಕಲ್ಪಿಸಿತ್ತು; ಅವಳ ಹೆಸರಿನ ಔತಣಕ್ಕೆಂದು ನ್ಯೂಯಾರ್ಕಿನ ರೆಕ್ಟರ್ಸ್ ಭೋಜನಾಲಯದ ಟ್ರಾಯ್ ಅಲೆಕ್ಸಾಂಡರ್ ಈ ಬೆಳ್ಳನೆಯ ಪಾನೀಯ ಮಾಡಿದನೆಂಬುದು ಒಂದು ಕತೆ. 1922ರಲ್ಲಿ ಲಂಡನ್ನಿನಲ್ಲಿ ನಡೆದ ರಾಜಕುಮಾರಿ ಮೇರಿಯ ಮದುವೆಗೆ ಬ್ರಾಂದಿಯದು ಹುಟ್ಟಿತೆಂಬುದು ಇನ್ನೊಂದು. ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧ ಇದ್ದಾಗ ಕಳ್ಳದಾರಿಯಲ್ಲಿ ಬಂದ ಒರಟು ಮದ್ಯದ ಘಾಟನ್ನು ಅಡಗಿಸಲು ಕೆನೆ ಮತ್ತು ಸಕ್ಕರೆ ಬಹಳ ಅನುಕೂಲವಾದವು. ಘಾಟು ಅಡಗಿಸುವ ಆ ಗುಣ ಇಂದಿಗೂ ಈ ಪಾನೀಯದಲ್ಲಿ ಹಾಗೆಯೇ ಇದೆ. ನನ್ನ ಈ ಪತ್ರಕ್ಕೆ ಕಾರಣವೂ ಅದೇ.

ಇಂದು ಜಗತ್ತಿನ ಬಾರ್‌ಟೆಂಡರುಗಳ ಸಂಘವಾದ ಐಬಿಎ ಒಪ್ಪಿರುವ ಅಳತೆ ಬಹಳ ಸರಳವಾಗಿದೆ. ಕೊನ್ಯಾಕ್ ಎಂಬ ಫ್ರೆಂಚ್ ಬ್ರಾಂದಿ 30 ಮಿ.ಲೀ., ಕ್ರೆಮ್ ದ ಕಕಾವೊ ಎಂಬ ಕಂದು ಬಣ್ಣದ ಕೋಕೋ ಲಿಕ್ಯೂರ್ 30 ಮಿ.ಲೀ., ಹಸಿ ಕೆನೆ 30 ಮಿ.ಲೀ., ಮೇಲೆ ತುರಿದ ಜಾಯಿಕಾಯಿ. ಇಷ್ಟೇ. ಐಸ್‌ಕ್ರೀಮ್ ಹಾಕಿ ಮಾಡುವ ಪದ್ಧತಿಯೂ ಸುಳ್ಳಲ್ಲ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಸಪ್ಪರ್ ಕ್ಲಬ್ಬುಗಳಲ್ಲಿ ಊಟ ಮುಗಿದ ಮೇಲೆ ಅದನ್ನೇ ಕೊಡುತ್ತಾರೆ, ಅಲ್ಲಿನವರಿಗೆ ಅದರ ಮೇಲೆ ಬಹಳ ಅಭಿಮಾನ. ಆದರೆ ಅದನ್ನು ತರಿಸಿಕೊಳ್ಳುವ ವಿಸ್ಕಾನ್ಸಿನ್ನಿನ ಮನುಷ್ಯನಿಗೆ ತಾನು ಬ್ರಾಂದಿ ಕುಡಿಯುತ್ತಿದ್ದೇನೆಂದು ಗೊತ್ತಿರುತ್ತದೆ. ನಮ್ಮ ಮನೆಗಳಲ್ಲಿ ಜಗ್ಗಿನಿಂದ ಲೋಟಕ್ಕೆ ಬಗ್ಗಿಸಿಕೊಟ್ಟದ್ದನ್ನು ಈಸಿಕೊಳ್ಳುವವರಿಗೆ ಅದು ಗೊತ್ತಿರುವುದಿಲ್ಲ.

ಮೊದಲು ಕೆನೆಯ ವಿಷಯ ಹೇಳುತ್ತೇನೆ, ಏಕೆಂದರೆ ಮನೆಯಲ್ಲಿ ಈ ಪಾನೀಯ ಕೆಡುವುದು ಹೆಚ್ಚಾಗಿ ಅಲ್ಲಿಯೇ. ನಮ್ಮಲ್ಲಿ ಕೆನೆ ಎಂದರೆ ಕಾಯಿಸಿ ಆರಿಸಿದ ಹಾಲಿನ ಮೇಲೆ ಕಟ್ಟುವ ಪದರ. ಅದು ಜಿಡ್ಡೂ ಹಾಲಿನ ಪ್ರೋಟೀನೂ ಸೇರಿ ಗಟ್ಟಿಯಾದದ್ದು. ಎಷ್ಟು ಅಲುಗಿಸಿದರೂ ಚೂರುಚೂರಾಗಿ ತೇಲುತ್ತದೆಯೇ ಹೊರತು ಬೆರೆಯುವುದಿಲ್ಲ. ಬೇಕಾದದ್ದು ಹಸಿ ಹಾಲಿನಿಂದ ಯಂತ್ರದಲ್ಲಿ ಬೇರ್ಪಡಿಸಿದ ಕೆನೆ. ಅಂಗಡಿಗಳಲ್ಲಿ ‘ಫ್ರೆಶ್ ಕ್ರೀಮ್’ ಎಂದು ಸಿಗುವ ಪೊಟ್ಟಣದಲ್ಲಿ ಸಾಮಾನ್ಯವಾಗಿ ಶೇ. 25ರಷ್ಟು ಜಿಡ್ಡು ಇರುತ್ತದೆ. ಅದರಿಂದ ಮಾಡಿದರೆ ಪಾನೀಯ ಕುಡಿಯಲು ಅಡ್ಡಿಯಿಲ್ಲ, ಆದರೆ ಸ್ವಲ್ಪ ತೆಳುವಾಗುತ್ತದೆ. ಶೇ. 35ರ ಆಸುಪಾಸಿನ ಡೇರಿ ವಿಪ್ಪಿಂಗ್ ಕ್ರೀಮ್ ಸಿಕ್ಕಿದರೆ ಅದೇ ಉತ್ತಮ. ಕೇಕ್ ಅಂಗಡಿಯವರು ಬಳಸುವ, ತಾಳೆಯ ಜಾತಿಯ ಎಣ್ಣೆಯ ಜಿಡ್ಡಿನಿಂದ ಮಾಡಿದ ಸಿಹಿ ಟಾಪಿಂಗ್ ಕೂಡ ಅದೇ ಕಪಾಟಿನಲ್ಲಿ ಅಂಥದ್ದೇ ಪೊಟ್ಟಣದಲ್ಲಿ ಇರುತ್ತದೆ. ಅದು ನಾಲಿಗೆಯ ಮೇಲೆ ಮೇಣ ಬಳಿದಂತೆ ಕೂರುತ್ತದೆ. ದಯವಿಟ್ಟು ಪೊಟ್ಟಣದ ಹಿಂಬದಿಯನ್ನು ಓದಿಯೇ ಕೊಳ್ಳಿರಿ.

ಕೆನೆ ಹೊಸದಾಗಿರಬೇಕು ಎಂಬುದಕ್ಕೆ ರುಚಿಯಷ್ಟೇ ಕಾರಣವಲ್ಲ. ಡೇರಿಗಳಲ್ಲಿ ಬಂದ ಹಾಲಿನ ತಾಜಾತನ ನೋಡಲು ಮಾಡುವ ಪರೀಕ್ಷೆಗಳಲ್ಲಿ ಆಲ್ಕೋಹಾಲ್ ಪರೀಕ್ಷೆಯೂ ಒಂದು. ಗಾಜಿನ ನಳಿಗೆಯಲ್ಲಿ ಹಾಲಿಗೆ ಅಷ್ಟೇ ಪ್ರಮಾಣದ ಆಲ್ಕೋಹಾಲ್ ಬೆರೆಸುತ್ತಾರೆ. ನಳಿಗೆಯ ಒಳಮೈಗೆ ಸಣ್ಣ ಸಣ್ಣ ಗರಣೆ ಅಂಟಿಕೊಂಡರೆ ಹಾಲು ಹುಳಿಯತ್ತ ಹೊರಳಿದೆ ಎಂದರ್ಥ, ಮೂಗಿಗೆ ಆ ಹುಳಿ ಇನ್ನೂ ತಿಳಿಯದಿದ್ದರೂ ಸರಿ. ನಿಮ್ಮ ಶೇಕರಿನೊಳಗೆ, ಅಂದರೆ ಪಾನೀಯವನ್ನು ಅಲುಗಿಸುವ ಮುಚ್ಚಳದ ಪಾತ್ರೆಯೊಳಗೆ, ನಡೆಯುವುದೂ ಅದೇ. ನಾಲ್ಕು ದಿನದ ಹಿಂದೆ ಕತ್ತರಿಸಿ ಫ್ರಿಜ್ಜಿನಲ್ಲಿಟ್ಟ ಪೊಟ್ಟಣದ ಕೆನೆ ಸಾರಿಗೆ ಹಾಕಲು ನಡೆದೀತು; ಬ್ರಾಂದಿಯ ಜೊತೆ ಸೇರಿದಾಗ ಒಡೆದು ಲೋಟದ ಅಂಚಿನಲ್ಲಿ ಬಿಳಿ ಕಣಗಳಾಗಿ ನಿಲ್ಲುತ್ತದೆ. ಅನುಮಾನವಿದ್ದರೆ ಒಂದು ಚಮಚ ಕೆನೆಗೆ ಒಂದು ಚಮಚ ಬ್ರಾಂದಿ ಬೆರೆಸಿ ಗಾಜಿನ ಲೋಟವನ್ನು ಬೆಳಕಿಗೆ ಹಿಡಿದು ನೋಡಿ. ಅತಿಥಿಗಳ ಎದುರು ಆಗುವ ಮುಖಭಂಗ ಅಡುಗೆಮನೆಯಲ್ಲಿಯೇ ತಪ್ಪುತ್ತದೆ.

ಕ್ರೆಮ್ ದ ಕಕಾವೊ ಎಂಬ ಹೆಸರಿನಲ್ಲಿ ‘ಕ್ರೆಮ್’ ಇದ್ದರೂ ಅದರಲ್ಲಿ ಕೆನೆ ಇರುವುದಿಲ್ಲ. ಅದು ಕೋಕೋ ಬೀಜದ ಸಾರವಿರುವ ಸಿಹಿಮದ್ಯ. ಯುರೋಪಿನ ಕಾನೂನಿನ ಪ್ರಕಾರ ಲಿಕ್ಯೂರೊಂದಕ್ಕೆ ಆ ಹೆಸರು ಇಡಬೇಕಾದರೆ ಒಂದು ಲೀಟರಿಗೆ ಕನಿಷ್ಠ 250 ಗ್ರಾಂ ಸಕ್ಕರೆ ಇರಬೇಕು. ನಮ್ಮಲ್ಲಿ ಇದು ಎಲ್ಲ ಅಂಗಡಿಗಳಲ್ಲಿ ಸಿಗುವುದಿಲ್ಲ, ಸಿಕ್ಕಿದರೂ ಬೆಲೆ ಹೆಚ್ಚು. ಹಾಗೆಂದು ಐಸ್‌ಕ್ರೀಮಿನ ಮೇಲೆ ಸುರಿಯುವ ಚಾಕೊಲೇಟ್ ಸಾಸ್ ಹಾಕುವುದು ಸರಿಯಲ್ಲ, ಅದು ಶೇಕರಿನ ತಳಕ್ಕೆ ಅಂಟಿಕೊಂಡು ಉಳಿಯುತ್ತದೆ. ನಾನು ಮನೆಯಲ್ಲಿ ಮಾಡುವ ಉಪಾಯ ಹೀಗಿದೆ: 100 ಗ್ರಾಂ ಸಕ್ಕರೆಯನ್ನು 100 ಮಿ.ಲೀ. ನೀರಿನಲ್ಲಿ ಕರಗಿಸಿ, ಸಿಹಿಯಿಲ್ಲದ ಕೋಕೋ ಪುಡಿಯನ್ನು ಎರಡು ದೊಡ್ಡ ಚಮಚ ಹಾಕಿ, ಗಂಟಿಲ್ಲದಂತೆ ಕದಡಿ, ಒಂದು ಕುದಿ ಬಂದ ಕೂಡಲೇ ಇಳಿಸಿ, ಎರಡು ಹನಿ ವೆನಿಲಾ ಸೇರಿಸಿ, ಒದ್ದೆ ಬಟ್ಟೆಯಲ್ಲಿ ಸೋಸಿ ತಣಿಸುವುದು. ಲಿಕ್ಯೂರಿನ 30 ಮಿ.ಲೀ. ಬದಲಿಗೆ ಇದು 15 ಮಿ.ಲೀ. ಸಾಕು. ಹೀಗೆ ಮಾಡಿದ್ದು ಪುಸ್ತಕದ ಅಲೆಕ್ಸಾಂಡರ್ ಅಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೂ ಅದರ ಹತ್ತಿರದ ನೆಂಟ, ಮದ್ಯದ ಅಂಶವೂ ಕಡಿಮೆ. ಕೋಕೋ ನಮಗೆ ದೂರದ ಬೆಳೆಯೂ ಅಲ್ಲ. ದಕ್ಷಿಣ ಕನ್ನಡದ ಅಡಿಕೆ ತೋಟಗಳ ನೆರಳಿನಲ್ಲಿ ಅದು ಬೆಳೆಯುತ್ತದೆ, ಕ್ಯಾಂಪ್ಕೊ ಸಂಸ್ಥೆಯ ಚಾಕೊಲೇಟ್ ಕಾರ್ಖಾನೆ ಪುತ್ತೂರಿನಲ್ಲಿ 1986ರಿಂದಲೂ ಇದೆ. ಒಳ್ಳೆಯ ಕೋಕೋ ಪುಡಿಗೆ ನಾವು ಪರದೇಶದತ್ತ ನೋಡಬೇಕಾಗಿಲ್ಲ.

ಬ್ರಾಂದಿಯ ಆಯ್ಕೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೊನ್ಯಾಕ್ ಫ್ರಾನ್ಸಿನ ಅದೇ ಹೆಸರಿನ ಪ್ರದೇಶದ್ದು, ದ್ರಾಕ್ಷಿಯಿಂದ ಎರಡು ಸಲ ಬಟ್ಟಿ ಇಳಿಸಿ ಓಕ್ ಪೀಪಾಯಿಯಲ್ಲಿ ಕನಿಷ್ಠ ಎರಡು ವರ್ಷ ಇಟ್ಟದ್ದು. ಹತ್ತು ವರ್ಷ ಕಳೆದ ಎಕ್ಸ್‌ಒ ದರ್ಜೆಯದನ್ನು ಕೆನೆಗೆ ಸುರಿಯುವುದು ದಂಡ. ಎರಡು ವರ್ಷದ ವಿಎಸ್ ದರ್ಜೆಯದು ಸಾಕು. ನಮ್ಮಲ್ಲಿ ಬ್ರಾಂದಿ ಎಂದು ಮಾರುವ ಎಷ್ಟೋ ಬಾಟಲಿಗಳಲ್ಲಿ ಕಾಕಂಬಿಯ ಸ್ಪಿರಿಟ್ಟೇ ಹೆಚ್ಚು, ಬಣ್ಣ ಮತ್ತು ಸಿಹಿಯ ವಾಸನೆ ಮೊದಲೇ ಸೇರಿಸಿರುತ್ತಾರೆ. ದ್ರಾಕ್ಷಿಯಿಂದಲೇ ಮಾಡಿದ್ದೆಂದು ಲೇಬಲ್ಲಿನ ಮೇಲೆ ಬರೆದಿರುವುದನ್ನು ಹುಡುಕಿ ತಂದರೆ ಕೆಲಸ ಸುಲಭವಾಗುತ್ತದೆ.

ಇನ್ನು ಮಾಡುವ ಕ್ರಮ. ಲೋಟಗಳನ್ನು ಕಾಲು ಗಂಟೆ ಮೊದಲೇ ಫ್ರೀಜರಿನಲ್ಲಿಡಬೇಕು. ಕೂಪ್ ಎಂದು ಕರೆಯುವ ಅಗಲ ಬಾಯಿಯ ಕಾಲುಳ್ಳ ಲೋಟ ಇಲ್ಲದಿದ್ದರೆ, ಹಳೆಯ ಮನೆಗಳ ಶೋಕೇಸಿನಲ್ಲಿ ಇದ್ದೇ ಇರುವ ಐಸ್‌ಕ್ರೀಮಿನ ಗಾಜಿನ ಬಟ್ಟಲು ಚೆನ್ನಾಗಿ ಒಪ್ಪುತ್ತದೆ. ಮೂರನ್ನೂ ಅಳೆದು ಶೇಕರಿಗೆ ಹಾಕಿ, ಆಗತಾನೇ ಫ್ರೀಜರಿನಿಂದ ತೆಗೆದ ಗಟ್ಟಿ ಮಂಜುಗಡ್ಡೆಯನ್ನು ಮುಕ್ಕಾಲು ಭಾಗ ತುಂಬಿ, ಮುಚ್ಚಳವನ್ನು ಬಿಗಿಯಾಗಿ ಹಿಡಿದು ಹದಿನೈದು ಸೆಕೆಂಡು ಜೋರಾಗಿ ಅಲುಗಿಸಬೇಕು. ಕೆನೆಯ ಪಾನೀಯವನ್ನು ಮೆಲ್ಲಗೆ ಅಲುಗಿಸಿದರೆ ಪ್ರಯೋಜನವಿಲ್ಲ. ಶೇಕರಿನ ಹೊರಮೈಗೆ ಬಿಳಿ ಹಿಮ ಹತ್ತಿ ಬೆರಳು ಮರಗಟ್ಟುವ ತನಕ ಕೈ ನಿಲ್ಲಿಸಬಾರದು. ಶೇಕರ್ ಇಲ್ಲದವರು ಬಿಗಿ ಮುಚ್ಚಳದ ಉಪ್ಪಿನಕಾಯಿ ಜಾಡಿಯನ್ನು ಬಳಸಬಹುದು, ಅದರಲ್ಲಿ ಉಪ್ಪಿನಕಾಯಿಯ ವಾಸನೆ ಉಳಿದಿರಬಾರದು ಅಷ್ಟೆ. ಅಲುಗಿಸುವಾಗ ಮಂಜುಗಡ್ಡೆ ಕರಗಿ ಸುಮಾರು 25ರಿಂದ 30 ಮಿ.ಲೀ. ನೀರು ಸೇರುತ್ತದೆ, ಆ ನೀರು ಇದ್ದರೇ ರುಚಿ ಹದವಾಗುವುದು. ಆಮೇಲೆ ಚಹಾ ಸೋಸುವ ಜಾಲರಿಯ ಮೂಲಕ ಬಟ್ಟಲಿಗೆ ಇಳಿಸಿದರೆ ಮಂಜಿನ ಚೂರುಗಳು ಜಾಲರಿಯಲ್ಲಿ ಉಳಿದು, ಬಟ್ಟಲಿನಲ್ಲಿ ಕಾಫಿಗೆ ಹಾಲು ಹೆಚ್ಚಾದ ಬಣ್ಣದ, ಮೇಲೆ ತೆಳ್ಳನೆಯ ನೊರೆ ಕಟ್ಟಿದ ಪಾನೀಯ ನಿಲ್ಲುತ್ತದೆ. ಮೊದಲೇ ಮಾಡಿ ಜಗ್ಗಿನಲ್ಲಿಟ್ಟರೆ ಈ ನೊರೆ ಹತ್ತು ನಿಮಿಷದಲ್ಲಿ ಇಳಿದು, ಕೆನೆ ಮೇಲೆ, ನೀರು ಕೆಳಗೆ ಎಂದು ಬೇರೆಯಾಗುತ್ತದೆ. ಆದ್ದರಿಂದ ಎರಡೆರಡು ಬಟ್ಟಲಿನಂತೆ ಆಗಾಗಲೇ ಮಾಡಿಕೊಡಬೇಕು.

ಜಾಯಿಕಾಯಿಯನ್ನು ಪುಡಿಯಾಗಿ ಕೊಳ್ಳಬಾರದು. ಅದರ ಪರಿಮಳವೆಲ್ಲ ಹಾರಿಹೋಗುವ ಎಣ್ಣೆಯಲ್ಲಿದೆ; ಪುಡಿಯ ಡಬ್ಬಿ ತೆರೆದ ಕೆಲವೇ ವಾರಗಳಲ್ಲಿ ಮರದ ಹೊಟ್ಟಿನ ವಾಸನೆ ಉಳಿಯುತ್ತದೆ. ಇಂಡೊನೇಷ್ಯಾದ ಬಾಂದಾ ದ್ವೀಪಗಳಿಂದ ಹೊರಟ ಈ ಮರ ಇಂದು ನಮ್ಮ ಕರಾವಳಿಯ ಅಡಿಕೆ ತೋಟಗಳಲ್ಲಿಯೂ ಇದೆ, ಜಾಪತ್ರೆಯ ಕೆಂಪು ಬಲೆಯನ್ನು ಬಿಡಿಸಿ ಒಣಗಿಸಿದ ಇಡೀ ಕಾಯಿ ವರ್ಷಗಟ್ಟಲೆ ಕೆಡುವುದಿಲ್ಲ. ನಮ್ಮ ಮನೆಯಲ್ಲಿ ಮಕ್ಕಳಿಗೆ ತೇಯ್ದು ನೆಕ್ಕಿಸಲು ಇಟ್ಟ ಕಾಯಿಯೊಂದು ಯಾವಾಗಲೂ ಇರುತ್ತಿತ್ತು. ಲಂಡನ್ನಿನ ಬಾರಿನಲ್ಲಿ ಮೊದಲ ದಿನ ಜಾಯಿಕಾಯಿ ಕೈಗೆತ್ತಿಕೊಂಡಾಗ ನನಗೆ ನೆನಪಾದದ್ದು ಅಮ್ಮನ ಸಾಣೆಕಲ್ಲು. ಸಣ್ಣ ಕಣ್ಣಿನ ತುರಿಮಣೆಯ ಮೇಲೆ ಎರಡು, ಹೆಚ್ಚೆಂದರೆ ಮೂರು ಎಳೆತ ಸಾಕು. ಅದನ್ನು ಅತಿಥಿಯ ಎದುರಿನಲ್ಲಿಯೇ ತುರಿದರೆ ಮೊದಲ ಗುಟುಕಿಗಿಂತ ಮುಂಚೆ ಪರಿಮಳ ಅವರ ಮೂಗಿಗೆ ತಲಪುತ್ತದೆ.

ಇದು ಊಟದ ನಂತರದ ಪಾನೀಯ, ಏಕೆಂದರೆ ಕೆನೆ ಮತ್ತು ಸಕ್ಕರೆ ಹಸಿವನ್ನು ಕಟ್ಟಿಹಾಕುತ್ತವೆ. ಆದರೆ ಸಿಹಿಯ ನಂತರ ಕೊಡುವಂಥದ್ದಲ್ಲ, ಸಿಹಿಯ ಬದಲಿಗೆ ಕೊಡುವಂಥದ್ದು. ಕೋರಿ ರೊಟ್ಟಿ ಮತ್ತು ಪಾಯಸ ಉಂಡವರಿಗೆ ಇದನ್ನು ಕೊಟ್ಟರೆ ಅವರ ಹೊಟ್ಟೆಗೆ ಹಿಂಸೆ. ಊಟ ಹಗುರವಾಗಿದ್ದು, ಅರ್ಧ ಗಂಟೆ ಮಾತುಕತೆ ನಡೆದ ಮೇಲೆ ಒಬ್ಬರಿಗೆ ಒಂದೇ ಬಟ್ಟಲು ಕೊಡುವುದು ಸರಿಯಾದ ಕ್ರಮ. ಸ್ಟ್ರಾ ಬೇಡವೇ ಬೇಡ.

ಒಂದೇ ಬಟ್ಟಲು ಎಂದು ಒತ್ತಿ ಹೇಳುವುದಕ್ಕೆ ಲೆಕ್ಕವಿದೆ. ನಮ್ಮಲ್ಲಿ ಮಾರುವ ಬ್ರಾಂದಿಯಲ್ಲಿ ಸಾಮಾನ್ಯವಾಗಿ ಶೇ. 42.8ರಷ್ಟು ಆಲ್ಕೋಹಾಲ್ ಇರುತ್ತದೆ, ಕೋಕೋ ಲಿಕ್ಯೂರಿನಲ್ಲಿ ಶೇ. 24ರ ಆಸುಪಾಸು. ತಲಾ 30 ಮಿ.ಲೀ. ಸೇರಿದಾಗ ಒಂದು ಬಟ್ಟಲಿನಲ್ಲಿ ಸುಮಾರು 20 ಮಿ.ಲೀ. ಶುದ್ಧ ಆಲ್ಕೋಹಾಲ್ ಆಯಿತು. ಅಂದರೆ ಒಂದೂವರೆ ಸಣ್ಣ ಪೆಗ್. ಕರಗಿದ ನೀರನ್ನು ಸೇರಿಸಿ ಲೆಕ್ಕ ಹಾಕಿದರೂ ಇದು ವೈನಿಗಿಂತ ಗಡುಸು. ಆದರೆ ನಾಲಿಗೆಗೆ ಮಾತ್ರ ತಣ್ಣನೆಯ ಚಾಕೊಲೇಟ್ ಹಾಲು. 1974ರ ಮಾರ್ಚ್ ತಿಂಗಳಲ್ಲಿ ಲಾಸ್ ಏಂಜಲೀಸಿನ ಟ್ರೂಬಡೋರ್ ಕ್ಲಬ್ಬಿನಲ್ಲಿ ಬೀಟಲ್ಸ್ ಖ್ಯಾತಿಯ ಜಾನ್ ಲೆನನ್ ಮತ್ತು ಅವರ ಗೆಳೆಯ ಹ್ಯಾರಿ ನಿಲ್ಸನ್ ಇದನ್ನೇ ಒಂದರ ಮೇಲೊಂದು ಕುಡಿದು, ವೇದಿಕೆಯ ಮೇಲಿದ್ದ ಕಲಾವಿದರಿಗೆ ಅಡ್ಡಿಮಾಡಿ, ಕಡೆಗೆ ಕ್ಲಬ್ಬಿನಿಂದ ಹೊರಹಾಕಿಸಿಕೊಂಡದ್ದು ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಗಿತ್ತು. ಕುಡಿತದ ಅಭ್ಯಾಸವಿದ್ದವರಿಗೇ ಅಳತೆ ತಪ್ಪಿಸುವ ಪಾನೀಯವನ್ನು ಅಭ್ಯಾಸವಿಲ್ಲದವರ ಕೈಗೆ ಕೊಟ್ಟರೆ ಏನಾಗುತ್ತದೆ ಎಂಬುದನ್ನು ನಾನು ನನ್ನ ಮನೆಯವರಲ್ಲಿಯೇ ಕಂಡೆ.

ಎಂಟು ವರ್ಷಗಳ ಹಿಂದೆ ನನ್ನ ತಂಗಿಯ ಮದುವೆಯ ಇಪ್ಪತ್ತೈದನೆಯ ವರ್ಷದ ಊಟ ಅವಳ ಮನೆಯ ಅಂಗಳದಲ್ಲಿ ನಡೆದಿತ್ತು. ಎಲ್ಲರೂ ಒತ್ತಾಯಿಸಿದ್ದರಿಂದ ನಾನೇ ಇದನ್ನು ಮಾಡಿ, ಒಂದು ತಟ್ಟೆಯಲ್ಲಿ ಹನ್ನೆರಡು ಬಟ್ಟಲು ಜೋಡಿಸಿ, ಅಳಿಯನ ಕೈಗೆ ಕೊಟ್ಟು ಕೈ ತೊಳೆಯಲು ಒಳಗೆ ಹೋದೆ. ಮಕ್ಕಳಿಗೆಂದು ಮಾಡಿದ ಕೋಕೋ ಹಾಲು ಕೂಡ ಅಂಥವೇ ಬಟ್ಟಲುಗಳಲ್ಲಿತ್ತು. ಎಪ್ಪತ್ತೆರಡು ವರ್ಷದ ನಮ್ಮ ಚಿಕ್ಕಮ್ಮ, ಸಕ್ಕರೆ ಕಾಯಿಲೆಗೂ ರಕ್ತದೊತ್ತಡಕ್ಕೂ ಮಾತ್ರೆ ನುಂಗುವವರು, ಜೀವಮಾನದಲ್ಲಿ ಮದ್ಯ ಮುಟ್ಟದವರು, ಹಾಲೆಂದು ತಿಳಿದು ಒಂದನ್ನು ಕುಡಿದರು. ಚೆನ್ನಾಗಿದೆ ಎಂದು ಇನ್ನೊಂದನ್ನು ಕೇಳಿ ಪಡೆದರು. ನಾನು ಹೊರಗೆ ಬಂದಾಗ ಅವರು ಚಾವಡಿಯ ಮೆಟ್ಟಿಲಿನ ಮೇಲೆ ಕಂಬ ಹಿಡಿದು ಕುಳಿತಿದ್ದರು, ಹಣೆಯ ಮೇಲೆ ಬೆವರು. ಪುಣ್ಯಕ್ಕೆ ಬೀಳಲಿಲ್ಲ. ಆ ರಾತ್ರಿ ಅವರ ಪಕ್ಕದಲ್ಲಿ ಕುಳಿತು ಗಂಟೆಗೊಮ್ಮೆ ಸಕ್ಕರೆಯ ಅಂಶ ನೋಡುತ್ತ ಬೆಳಗು ಮಾಡಿದೆವು. ಬೆಳಿಗ್ಗೆ ವಿಷಯ ತಿಳಿದಾಗ ಅವರು ಗದರಲಿಲ್ಲ. “ಹಾಲು ಅಂತ ಕುಡಿದದ್ದು ಮಗಾ, ಒಂದು ಮಾತು ಹೇಳಬಹುದಿತ್ತಲ್ಲ ನೀನು” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ದೇಹಕ್ಕೆ ಆದ ತೊಂದರೆ ಎರಡು ದಿನದಲ್ಲಿ ಹೋಯಿತು. ತಾವು ಇಷ್ಟು ವರ್ಷ ಇಟ್ಟುಕೊಂಡು ಬಂದ ನೇಮ ತಮ್ಮವರ ಮನೆಯಲ್ಲಿಯೇ ತಮಗೆ ತಿಳಿಯದೆ ಮುರಿಯಿತಲ್ಲ ಎಂಬ ನೋವು ಹೋಗಲು ಬಹಳ ಕಾಲ ಬೇಕಾಯಿತು. ತಪ್ಪು ಅಳಿಯನದಲ್ಲ, ನನ್ನದು. ಬಾರಿನಲ್ಲಿ ಒಂದು ದಿನವೂ ಮಾಡದ ತಪ್ಪನ್ನು, ಮನೆಯವರೇ ಅಲ್ಲವೇ ಎಂಬ ಸಲಿಗೆಯಲ್ಲಿ ಮಾಡಿದೆ.

ಅಂದಿನಿಂದ ನಾನು ಪಾಲಿಸುತ್ತಿರುವ ಕ್ರಮವನ್ನು ಓದುಗರೂ ಪಾಲಿಸಬೇಕೆಂದು ಬೇಡಿಕೊಳ್ಳುತ್ತೇನೆ. ಮದ್ಯವಿರುವುದು ಗಾಜಿನ ಬಟ್ಟಲಿನಲ್ಲಿ, ಇಲ್ಲದ್ದು ಸ್ಟೀಲಿನ ಲೋಟದಲ್ಲಿ. ಕತ್ತಲೆಯಲ್ಲಿ ಕೈಯಿಟ್ಟರೂ ವ್ಯತ್ಯಾಸ ತಿಳಿಯುತ್ತದೆ. ಮಾಡಿದವರೇ ಕೊಡಬೇಕು, ಬೇರೆಯವರ ಕೈಯಲ್ಲಿ ಕಳಿಸಬಾರದು. ಪ್ರತಿಯೊಬ್ಬರಿಗೂ “ಇದರಲ್ಲಿ ಬ್ರಾಂದಿ ಇದೆ, ಒಂದೂವರೆ ಪೆಗ್ಗಿನಷ್ಟು” ಎಂದು ಬಾಯಿಬಿಟ್ಟು ಹೇಳಿಯೇ ಕೊಡಬೇಕು. ಬೇಡ ಎಂದವರಿಗೆ ಎರಡನೆಯ ಸಲ ಒತ್ತಾಯ ಮಾಡಬಾರದು, ಏಕೆ ಎಂದು ಕೇಳಬಾರದು. ನಮ್ಮ ರಾಜ್ಯದ ಅಬಕಾರಿ ನಿಯಮದಂತೆ 21 ವರ್ಷ ತುಂಬದವರಿಗೆ ಕೊಡುವ ಮಾತೇ ಇಲ್ಲ. ವಾಹನ ಓಡಿಸಿಕೊಂಡು ಮನೆಗೆ ಹೋಗುವವರಿಗೂ ಕೊಡಬಾರದು. ಕಾನೂನಿನ ಮಿತಿ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ., ಅದನ್ನು ದಾಟಲು ಹಲವರಿಗೆ ಈ ಒಂದು ಬಟ್ಟಲೇ ಸಾಕಾದೀತು. ಕುಡಿಯದವರಿಗೆ ಕೋಕೋ ಪಾಕ, ತಣ್ಣನೆಯ ಹಾಲು ಮತ್ತು ಸ್ವಲ್ಪ ಕೆನೆಯನ್ನು ಅದೇ ರೀತಿ ಮಂಜುಗಡ್ಡೆಯೊಡನೆ ಅಲುಗಿಸಿ, ಮೇಲೆ ಜಾಯಿಕಾಯಿ ತುರಿದು ಕೊಡಿ. ಅದಕ್ಕೆ ಬೇರೆ ಶೇಕರ್ ಇರಲಿ. ಚಿಕ್ಕಮ್ಮ ಈಗಲೂ ನಮ್ಮಲ್ಲಿಗೆ ಬಂದಾಗ ಇದನ್ನು ಸಕ್ಕರೆ ಇಲ್ಲದೆ ಮಾಡಿಸಿಕೊಂಡು ಕುಡಿಯುತ್ತಾರೆ, ಶೇಕರನ್ನು ತೊಳೆಯುವುದರಿಂದ ಹಿಡಿದು ಎಲ್ಲವನ್ನೂ ಅಡುಗೆಮನೆಯ ಬಾಗಿಲಿನಲ್ಲಿ ನಿಂತು ನೋಡುತ್ತಾರೆ. ನೋಡುವುದು ಅವರ ಹಕ್ಕು ಎಂದು ನಾನು ಭಾವಿಸುತ್ತೇನೆ.

ಮದ್ಯದ ಪಾನೀಯಗಳ ವಿಧಾನವನ್ನು ಪತ್ರಿಕೆಯಲ್ಲಿ ಹಾಕಲೇಬಾರದು ಎನ್ನುವವರು ತಮಗೆ ಬೇರೆ ಪತ್ರ ಬರೆದಿರಬಹುದು. ನಾನು ಹಾಗೆ ಹೇಳಲಾರೆ, ಈ ಕಸುಬಿನಿಂದಲೇ ನನ್ನ ಮಕ್ಕಳು ಓದಿದ್ದಾರೆ. ಹಾಕುವುದಾದರೆ ಅಳತೆಯನ್ನು ಮಿ.ಲೀ. ಲೆಕ್ಕದಲ್ಲಿ ಹಾಕಿ, ಒಂದು ಬಟ್ಟಲು ಎಷ್ಟು ಪೆಗ್ಗಿಗೆ ಸಮ ಎಂಬುದನ್ನು ಅದರ ಕೆಳಗೆ ಒಂದು ಸಾಲಿನಲ್ಲಿ ಅಚ್ಚಿಸಿ ಎಂಬುದಷ್ಟೇ ನನ್ನ ಕೋರಿಕೆ. ಪುರವಣಿಯಲ್ಲಿ ಬಂದ ವಿಧಾನವನ್ನು ಎಷ್ಟೋ ಮನೆಗಳಲ್ಲಿ ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಟ್ಟಿರುತ್ತಾರೆ. ‘ರುಚಿಗೆ ತಕ್ಕಷ್ಟು’ ಎಂಬುದರ ಬದಲು ‘30 ಮಿ.ಲೀ.’ ಎಂದು ಓದಿಕೊಳ್ಳಬೇಕೆಂಬ ತಿದ್ದುಪಡಿಯನ್ನು ಮುಂದಿನ ಪುರವಣಿಯಲ್ಲಿ, ಅದೇ ಪುಟದಲ್ಲಿ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಬಾರ್‌ಟೆಂಡರ್,
ಮಂಗಳೂರು